ಚಾಕು ಯಾರ ಕೈಯಲ್ಲಿತ್ತು?

ಮೊದಲೇ ಹೇಳಿಬಿಡುತ್ತೇನೆ, ನನ್ನ ತಮ್ಮ ಅಮಾಯಕ ಅಂತ ತೋರಿಸೋಕೆ ಇದನ್ನು ಬರೆಯುತ್ತಿಲ್ಲ. ಆ ಸಂಜೆ ಅವನು ಅಲ್ಲಿದ್ದ. ಬೈಕ್ ಓಡಿಸಿದವನು ಅವನೇ. ಆದರೆ ಕೆಳಗಿನ ಕೋರ್ಟು ಅವನಿಗೆ ಕೊಟ್ಟ ಶಿಕ್ಷೆ ಇನ್ನೊಬ್ಬ ಹಿಡಿದ ಚಾಕುವಿನ ಲೆಕ್ಕದಲ್ಲಿ ಕೊಟ್ಟಿದ್ದು. ಅದರಿಂದ ಅವನನ್ನು ಬಿಡಿಸೋಕೆ ಹೈಕೋರ್ಟಿನಲ್ಲಿ ಏನೇನು ಆಯಿತು, ಎಷ್ಟು ವಿಷಯ ನಮಗೆ ಯಾರೂ ಮುಂಚೆ ಹೇಳಿರಲಿಲ್ಲ, ಅದನ್ನೆಲ್ಲ ಬರೆದಿಡೋಣ ಅನ್ನಿಸಿತು. ಮನೆಯವರಿಗೆ ಶಿಕ್ಷೆಯಾಗಿ ಮುಂದೇನು ಅಂತ ತೋಚದೆ ಕೂತವರು ಬೇಕಾದಷ್ಟು ಜನ ಇದ್ದಾರೆ. ಹೆಸರು, ಊರು ಹಾಕುತ್ತಿಲ್ಲ. ನಮ್ಮದು ಧಾರವಾಡ ಪೀಠಕ್ಕೆ ಬರುವ ಒಂದು ಜಿಲ್ಲೆ, ಅಷ್ಟು ಸಾಕು.

2019ರ ಜನವರಿ. ಮೆಣಸಿನಕಾಯಿ ಸೀಜನ್ನು. ದಲ್ಲಾಳಿ ಅಂಗಡಿಯ ಗುಮಾಸ್ತರೊಬ್ಬರು ರೈತರಿಗೆ ಕೊಡಬೇಕಾದ ದುಡ್ಡು ಬ್ಯಾಗಿನಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಹೊರಟಿದ್ದರು. ಕತ್ತಲಾಗಿತ್ತು. ಕೆನಾಲ್ ಸೇತುವೆ ಹತ್ತಿರ ಮೂವರು ಅಡ್ಡ ಹಾಕಿದರು. ಒಬ್ಬ ಚಾಕು ತೆಗೆದ, ಇನ್ನೊಬ್ಬ ಬ್ಯಾಗು ಕಿತ್ತುಕೊಂಡ, ನನ್ನ ತಮ್ಮ ಬೈಕ್ ಆಫ್ ಮಾಡದೆ ಕೂತಿದ್ದ. ಒಂದು ವಾರದೊಳಗೆ ಪೊಲೀಸರು ಮೂವರನ್ನೂ ಹಿಡಿದರು. ತಮ್ಮನ ಪಾಲಿನ ದುಡ್ಡು ನಮ್ಮ ಅಡುಗೆಮನೆಯ ಜೋಳದ ಡಬ್ಬಿಯಿಂದಲೇ ಹೊರಗೆ ಬಂತು. ಪಂಚರು, ಪೊಲೀಸರು, ಅಕ್ಕಪಕ್ಕದವರು ಎಲ್ಲ ನಿಂತಿದ್ದರು. ಅವ್ವ ದಿನಾ ಅದೇ ಡಬ್ಬಿಗೆ ಕೈ ಹಾಕಿ ಜೋಳ ತೆಗೆಯುತ್ತಿದ್ದಳು, ಅವಳಿಗೆ ಗೊತ್ತೇ ಇರಲಿಲ್ಲ. ನೋಟಿನ ಕಟ್ಟಿಗೆ ಅಂಟಿದ್ದ ಕಾಳುಗಳನ್ನು ಒಬ್ಬ ಪೇದೆ ಒಂದೊಂದಾಗಿ ಬಿಡಿಸಿ ಮತ್ತೆ ಡಬ್ಬಿಗೇ ಹಾಕಿದ. ಯಾಕೋ ಅದೊಂದು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಕೇಸು ಬಿದ್ದದ್ದು ಭಾರತೀಯ ದಂಡ ಸಂಹಿತೆಯ 392 ಮತ್ತು 397ರ ಕೆಳಗೆ, ಜೊತೆಗೆ 34. ಇದರ ಅರ್ಥ ನನಗೆ ಆಗ ಏನೂ ಗೊತ್ತಿರಲಿಲ್ಲ, ಈಗ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ. 392 ಅಂದರೆ ಸುಲಿಗೆ. ಹತ್ತು ವರ್ಷದವರೆಗೂ ಶಿಕ್ಷೆ ಕೊಡಬಹುದು, ಹೆದ್ದಾರಿಯಲ್ಲಿ ರಾತ್ರಿ ಹೊತ್ತು ನಡೆದಿದ್ದರೆ ಹದಿನಾಲ್ಕರವರೆಗೂ ಹೋಗಬಹುದು. ಆದರೆ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಅಂತ ಇಲ್ಲ. 397 ಹಾಗಲ್ಲ. ಸುಲಿಗೆ ಮಾಡುವಾಗ ಮಾರಕ ಆಯುಧ ಬಳಸಿದರೆ ಏಳು ವರ್ಷಕ್ಕಿಂತ ಕಡಿಮೆ ಕೊಡುವ ಹಾಗೇ ಇಲ್ಲ. ಜಡ್ಜ್ ಸಾಹೇಬರಿಗೆ ಅಯ್ಯೋ ಪಾಪ ಅನ್ನಿಸಿದರೂ ಆರು ವರ್ಷ ಹನ್ನೊಂದು ತಿಂಗಳು ಅಂತ ಬರೆಯೋಕೆ ಬರುವುದಿಲ್ಲ. 34 ಅಂದರೆ ಎಲ್ಲರೂ ಒಂದೇ ಉದ್ದೇಶದಿಂದ ಸೇರಿ ಮಾಡಿದ್ದಕ್ಕೆ ಎಲ್ಲರೂ ಹೊಣೆ ಅನ್ನುವ ಕಲಮು. ಐದು ಜನ ಇದ್ದಿದ್ದರೆ ಡಕಾಯಿತಿ ಆಗುತ್ತಿತ್ತು, ಅದು ಇನ್ನೂ ದೊಡ್ಡದು, ಜೀವಾವಧಿವರೆಗೂ ಹೋಗುತ್ತದೆ.

ವಿಚಾರಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಮ್ಮ ವರ್ಷಕ್ಕೂ ಮೇಲೆ ಒಳಗಿದ್ದು ಜಾಮೀನಿನ ಮೇಲೆ ಬಂದ. ನಡುವೆ ಕೊರೋನಾ ಬಂತು, ಕೋರ್ಟು ಬಾಗಿಲು ಹಾಕಿತು, ತೆಗೆಯಿತು. 2022ರಲ್ಲಿ ತೀರ್ಪು ಬಂತು. ಮೂವರೂ ತಪ್ಪಿತಸ್ಥರು. ಶಿಕ್ಷೆಯ ಬಗ್ಗೆ ಏನಾದರೂ ಹೇಳುವುದಿದೆಯಾ ಅಂತ ಕೇಳುತ್ತಾರೆ, ಅದು ಕಾನೂನಿನಲ್ಲೇ ಇದೆ, ಕೇಳದೆ ಶಿಕ್ಷೆ ಕೊಡುವ ಹಾಗಿಲ್ಲ. ತಮ್ಮ "ಅವ್ವಗ ಆರಾಮಿಲ್ರೀ" ಅಂದ. ಅಷ್ಟೇ. ಅವ್ವನಿಗೆ ನಿಜವಾಗಲೂ ಹುಷಾರಿರಲಿಲ್ಲ, ಆದರೆ 397 ಬಿದ್ದ ಮೇಲೆ ಆ ಮಾತಿಗೆ ಜಾಗವೇ ಇಲ್ಲ ಅನ್ನೋದು ನಮಗೆ ಗೊತ್ತಿರಲಿಲ್ಲ. ಮೂವರಿಗೂ ತಲಾ ಏಳು ವರ್ಷ ಕಠಿಣ ಸಜೆ, ಇಪ್ಪತ್ತು ಸಾವಿರ ದಂಡ. ಚಾಕು ಹಿಡಿದವನಿಗೂ ಏಳು, ಬೈಕ್ ಮೇಲೆ ಕೂತವನಿಗೂ ಏಳು.

ಮೂರು ವರ್ಷದೊಳಗಿನ ಶಿಕ್ಷೆಯಾದರೆ ಅಪೀಲು ಹಾಕುವ ತನಕ ಅಂತ ಅದೇ ಕೋರ್ಟು ಜಾಮೀನು ಕೊಡಬಹುದು. ಏಳು ವರ್ಷಕ್ಕೆ ಅದಿಲ್ಲ. ಕೋರ್ಟ್ ಹಾಲಿನಿಂದಲೇ ಕರೆದುಕೊಂಡು ಹೋದರು. ತೀರ್ಪಿನ ಒಂದು ಪ್ರತಿಯನ್ನು ಪುಕ್ಕಟೆಯಾಗಿ ಅವನ ಕೈಗೇ ಕೊಟ್ಟರು. ಜೈಲುಶಿಕ್ಷೆ ಆದವರಿಗೆ ಕೂಡಲೇ ಹಾಗೆ ಕೊಡಲೇಬೇಕು. ಆದರೆ ಆ ಪ್ರತಿ ಅವನ ಜೊತೆ ವ್ಯಾನು ಹತ್ತಿ ಹೋಯಿತು. ಅದರಲ್ಲಿ ಏನು ಬರೆದಿದೆ ಅಂತ ಓದೋಕೆ ನಮಗೆ ಬೇರೆ ನಕಲಿಗೆ ಅರ್ಜಿ ಹಾಕಬೇಕಾಯಿತು. ನಿಮಗೆ ಇಂಥ ಪರಿಸ್ಥಿತಿ ಬಂದರೆ, ಆ ಗಲಾಟೆಯಲ್ಲೂ ಅದನ್ನು ಕೇಳಿ ಇಸಿದುಕೊಳ್ಳಿ, ಅಥವಾ ಅಲ್ಲೇ ಫೋನಿನಲ್ಲಿ ಪುಟಪುಟ ಫೋಟೋ ತೆಗೆದುಕೊಳ್ಳೋಕೆ ನಿಮ್ಮ ವಕೀಲರಿಗೆ ಹೇಳಿ.

ಹೈಕೋರ್ಟಿಗೆ ಅಪೀಲು ಹಾಕೋಕೆ 60 ದಿನ ಸಮಯ. ಸರ್ಟಿಫೈಡ್ ಕಾಪಿ ಕೊಡೋಕೆ ಕಚೇರಿ ತೆಗೆದುಕೊಂಡ ದಿನಗಳನ್ನು ಅದರಲ್ಲಿ ಬಿಡುತ್ತಾರೆ. ತಡವಾದರೂ ಕಾರಣ ಹೇಳಿ ಕ್ಷಮೆ ಕೇಳಬಹುದು, ಜೈಲಿನಲ್ಲಿರುವವರ ವಿಷಯದಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ. ಆದರೆ ತಡವಾದಷ್ಟು ದಿನ ಒಳಗೆ ಕೊಳೆಯುವವನು ಅವನೇ ಅಲ್ವಾ. ಈ ಹೊತ್ತಿನಲ್ಲೇ ಕೋರ್ಟಿನ ಮುಂದಿನ ಚಹಾದಂಗಡಿಯಲ್ಲಿ ಒಬ್ಬರು ಗಂಟುಬಿದ್ದರು. ಹೈಕೋರ್ಟಿನಲ್ಲಿ ತನಗೆ ಎಲ್ಲಾ ಗೊತ್ತು, ಇಷ್ಟು ಕೊಟ್ಟರೆ ಒಂದೇ ತಿಂಗಳಲ್ಲಿ ಬಿಡುಗಡೆ ಅಂದರು. ಮಾವ ಅರ್ಧ ಒಪ್ಪಿಯೇಬಿಟ್ಟಿದ್ದ. ತಿಂಗಳಲ್ಲಿ ಬಿಡಿಸುತ್ತೇನೆ ಅನ್ನುವವರು ಯಾರೇ ಆದರೂ ಕೈಮುಗಿದು ಬಂದುಬಿಡಿ, ಇನ್ನೇನೂ ಹೇಳುವುದಿಲ್ಲ.

ನಮ್ಮ ಕಡೆಯ ಹೈಕೋರ್ಟ್ ಪೀಠ ಇರೋದು ಧಾರವಾಡದಲ್ಲಿ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆಯಿತು, ಕಲಬುರಗಿಯದೂ ಹಾಗೇ. ಅದಕ್ಕೂ ಮುಂಚೆ ನಮ್ಮಂಥವರು ಒಂದೊಂದು ಡೇಟಿಗೂ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿಯಬೇಕಿತ್ತು. ಧಾರವಾಡವಾದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಊರ ಹೊರಗೆ ಹೈವೇ ಕಡೆ ದೊಡ್ಡ ಕಟ್ಟಡ. ಗೇಟಿನಲ್ಲಿ ಆಧಾರ್ ತೋರಿಸಿ ಪಾಸ್ ಮಾಡಿಸಬೇಕು.

ಪರಿಚಯದವರೊಬ್ಬರು ಹೇಳಿದ ವಕೀಲರ ಹತ್ತಿರ ಹೋದೆವು. ವಯಸ್ಸಾದವರು, ಮಾತು ಕಡಿಮೆ. ನಾನು, ಮಾವ, ಅವ್ವ ಮೂವರೂ ಎದುರಿಗೆ ಕೂತಿದ್ದೆವು. ಮಾವ ಕಥೆ ಶುರು ಮಾಡಿದ. ಆ ಹುಡುಗ ಅಲ್ಲಿ ಇರಲೇ ಇಲ್ಲ ಸರ್, ಆ ಸಂಜೆ ಮದುವೆಗೆ ಹೋಗಿದ್ದ, ಬೇಕಾದರೆ ನಾಲ್ಕು ಜನ ಬಂದು ಹೇಳುತ್ತಾರೆ ಅಂತ. ವಕೀಲರು ಕೈ ತೋರಿಸಿ ನಿಲ್ಲಿಸಿದರು. "ಯಜಮಾನ್ರೇ, ಅಪೀಲು ಅಂದ್ರ ಕೇಸು ಮತ್ತ ಮೊದಲಿಂದ ನಡಸೋದಲ್ಲ. ಅಲ್ಲಿ ಸಾಕ್ಷಿ ಏನು ಹೇಳ್ಯಾರೋ ಅದರಾಗ ಏನೈತೋ ಅಷ್ಟ" ಅಂದರು. ಹೈಕೋರ್ಟು ಎಲ್ಲ ಸಾಕ್ಷ್ಯವನ್ನೂ ಹೊಸದಾಗಿ ತೂಗಿ ನೋಡಬಹುದು, ಕೆಳಗಿನ ಕೋರ್ಟು ನಂಬಿದ್ದನ್ನು ನಂಬದೇ ಇರಬಹುದು. ಆದರೆ ಹೊಸ ಸಾಕ್ಷಿಯನ್ನು ಕರೆಯೋದು ತೀರಾ ಅಪರೂಪ. ಅದರಲ್ಲೂ ಮೂರು ವರ್ಷ ಸುಮ್ಮನಿದ್ದು ಈಗ ಮದುವೆ ನೆನಪಾಯಿತು ಅಂದರೆ ಯಾರು ಕೇಳುತ್ತಾರೆ.

ಆಮೇಲೆ ಅವರು ಮಾಡಿದ ಕೆಲಸ ನನಗೆ ಇಡೀ ಕೇಸಿನಲ್ಲಿ ಯಾರೂ ಮಾಡದೇ ಇದ್ದದ್ದು. ಫೈಲು ತೆಗೆದು ಪಿಡಬ್ಲ್ಯು-1ರ ಹೇಳಿಕೆಯನ್ನು ನಮ್ಮ ಎದುರಿಗೇ ಓದಿದರು. ಪಿಡಬ್ಲ್ಯು-1 ಅಂದರೆ ಮೊದಲನೇ ಸಾಕ್ಷಿ, ದುಡ್ಡು ಕಳಕೊಂಡ ಗುಮಾಸ್ತರು. ಬೆರಳಿಟ್ಟು ಓದುತ್ತ ಹೋಗಿ ಒಂದು ಕಡೆ ನಿಂತರು. ಮುಖ್ಯ ವಿಚಾರಣೆಯಲ್ಲಿ ಹೀಗಿತ್ತು (ಎ ಅಂದರೆ ಆರೋಪಿ): ಎ-1 ನನ್ನ ಹೊಟ್ಟೆಗೆ ಚಾಕು ಹಿಡಿದನು, ಎ-2 ಬ್ಯಾಗನ್ನು ಕಿತ್ತುಕೊಂಡನು, ಎ-3 ಮೋಟಾರ್ ಸೈಕಲ್ ಮೇಲೆಯೇ ಕುಳಿತಿದ್ದನು. ಎ-3 ನನ್ನ ತಮ್ಮ. ಮುಂದೆ ಪಾಟಿ ಸವಾಲಿನಲ್ಲಿ ಇನ್ನೂ ಒಂದು ಸಾಲು: ಎ-2 ಮತ್ತು ಎ-3 ರವರ ಕೈಯಲ್ಲಿ ಯಾವುದೇ ಆಯುಧ ಇರಲಿಲ್ಲ ಎಂದರೆ ಸರಿ.

"ಇದು ನಿಮ್ಮ ಅಪೀಲು" ಅಂದರು.

ಆ ಪ್ರಶ್ನೆ ಕೇಳಿದ್ದು ನಮ್ಮ ಹಿಂದಿನ ವಕೀಲರಲ್ಲ, ಎ-2 ಪರ ನಿಂತವರು. ನಮ್ಮವರು ಶುರುವಿನಿಂದ ಕೊನೆತನಕ ಹುಡುಗ ಅಲ್ಲಿ ಇರಲೇ ಇಲ್ಲ ಅನ್ನುವ ದಾರಿ ಹಿಡಿದಿದ್ದರು. ಅವರ ಸವಾಲುಗಳಿಗೆಲ್ಲ ಉತ್ತರ ಒಂದೇ, ಎಂದರೆ ಸರಿಯಲ್ಲ, ಎಂದರೆ ಸರಿಯಲ್ಲ. ಪುಟಗಟ್ಟಲೆ ಸರಿಯಲ್ಲ. ಅದರ ನಡುವೆ ಒಂದೇ ಒಂದು ಸರಿ.

ನನಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಗುಮಾಸ್ತರು ಮನಸ್ಸು ಮಾಡಿದ್ದರೆ ಮೂವರೂ ಚಾಕು ಹಿಡಿದಿದ್ದರು ಅನ್ನಬಹುದಿತ್ತು. ಯಾರು ಕೇಳುತ್ತಿದ್ದರು? ಕತ್ತಲಲ್ಲಿ ಹೊಟ್ಟೆಗೆ ಚಾಕು ಹಿಡಿಸಿಕೊಂಡ ಮನುಷ್ಯ, ಮಾಲೀಕರ ದುಡ್ಡು ಹೋಗಿ ತಿಂಗಳುಗಟ್ಟಲೆ ಅವರ ಮೇಲೇ ಅನುಮಾನ ಇತ್ತಂತೆ. ಅಂಥವರು ಕಟಕಟೆಯಲ್ಲಿ ನಿಂತು ಕಂಡದ್ದನ್ನು ಕಂಡಷ್ಟೇ ಹೇಳಿದರು. ನಮ್ಮ ಮನೆಯಲ್ಲಿ ಎಲ್ಲರೂ ಅವರಿಗೆ ಶಾಪ ಹಾಕುತ್ತಿದ್ದ ಕಾಲ ಅದು. ನನ್ನ ತಮ್ಮ ಹೊರಗೆ ಬಂದದ್ದು ಅವರ ಬಾಯಿಂದ ಬಂದ ಸತ್ಯದಿಂದ, ನಮ್ಮ ಮದುವೆ ಕಥೆಯಿಂದ ಅಲ್ಲ.

ಕಾನೂನಿನ ವಿಷಯ ಸರಳವಾಗಿ ಹೀಗಿದೆ. 397ರಲ್ಲಿ ಬರೆದಿರೋದು ಆಯುಧ ಬಳಸಿದ ಆ ಅಪರಾಧಿಗೆ ಅಂತ. ಜೊತೆಗಿದ್ದವರಿಗೆ ಅಂತ ಅಲ್ಲ. 34 ಸೇರಿಸಿ ಅದನ್ನು ಉಳಿದವರಿಗೂ ಹಂಚೋಕೆ ಬರುವುದಿಲ್ಲ. 1975ರಲ್ಲಿ ಫೂಲ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿತ್ತು, 2021ರಲ್ಲಿ ಗಣೇಶನ್ ಕೇಸಿನಲ್ಲಿ ಮತ್ತೆ ಹೇಳಿತು. ಅದೇ ಫೂಲ್ ಕುಮಾರ್ ಕೇಸಿಗೆ ಇನ್ನೊಂದು ಮುಖ ಇದೆ. ಬಳಸುವುದು ಅಂದರೆ ಚುಚ್ಚಲೇಬೇಕು ಅಂತ ಇಲ್ಲ, ಎದುರಿಗಿರುವವನಿಗೆ ಕಾಣುವ ಹಾಗೆ ಹಿಡಿದು ಹೆದರಿಸಿದರೂ ಸಾಕು. ಅಂದರೆ ಎ-1ಗೆ ಯಾರಿಗೂ ಗಾಯ ಆಗಿಲ್ಲ ಅನ್ನುವ ವಾದ ಕೈಹಿಡಿಯುವುದಿಲ್ಲ. ಒಂದೇ ತೀರ್ಪು, ಚಾಕು ಹಿಡಿದವನಿಗೆ ಬಾಗಿಲು ಹಾಕುತ್ತದೆ, ನಮಗೆ ತೆಗೆಯುತ್ತದೆ. ನಮ್ಮ ಕೆಳಗಿನ ಕೋರ್ಟಿನ ತೀರ್ಪಿನಲ್ಲಿ ಈ ವಿಷಯಕ್ಕೆ ಒಂದೇ ಪ್ಯಾರಾ ಇತ್ತು, ಮೂವರೂ ಒಂದೇ ಉದ್ದೇಶದಿಂದ ಬಂದಿದ್ದರು ಹಾಗಾಗಿ ಮೂವರಿಗೂ 397 ಅನ್ವಯ ಅಂತ. ಅಲ್ಲಿ ಯಾರೂ ಈ ವಾದವನ್ನೇ ಎತ್ತಿರಲಿಲ್ಲ ಅನ್ನೋದೂ ನಿಜ.

ಮಾವನಿಗೆ ಇದು ಹಿಡಿಸಲಿಲ್ಲ. ಬೈಕ್ ಮೇಲೆ ಕೂತಿದ್ದ ಅಂತ ನಾವೇ ಹೇಳಿದರೆ ತಪ್ಪು ಒಪ್ಪಿಕೊಂಡಂಗೆ ಆಗಲ್ವಾ ಅಂತ ದಾರಿಯುದ್ದಕ್ಕೂ ಜಗಳ. ಅವನ ಮಾತಲ್ಲೂ ತಥ್ಯ ಇತ್ತು. ವಕೀಲರು ಅಪೀಲಿನಲ್ಲಿ ಮೊದಲು ಇಡೀ ಕೇಸೇ ಸುಳ್ಳು ಅಂತ ಬರೆದರು, ಗುರುತು ಪತ್ತೆ ಪರೇಡು ತಡವಾಗಿ ಮಾಡಿದ್ದು, ಪಂಚರಲ್ಲಿ ಒಬ್ಬ ತಿರುಗಿಬಿದ್ದದ್ದು ಎಲ್ಲ ಹಾಕಿದರು. ಅದೆಲ್ಲ ಒಪ್ಪದೇ ಹೋದರೂ 397 ನಿಲ್ಲುವುದಿಲ್ಲ ಅಂತ ಅದರ ಕೆಳಗೆ ಇಟ್ಟರು. ಹೀಗೆ ಒಂದರ ಕೆಳಗೊಂದು ಇಡಬಹುದು, ಅದು ತಪ್ಪೊಪ್ಪಿಗೆ ಆಗುವುದಿಲ್ಲ. ಅವ್ವ ಕೇಳಿದ ಪ್ರಶ್ನೆಯೇ ಬೇರೆ. ಮ್ಯಾಲಿನ ಕೋರ್ಟಿಗೆ ಹೋದರ ಶಿಕ್ಷೆ ಇನ್ನೂ ಜಾಸ್ತಿ ಮಾಡ್ತಾರೇನೋ ಅಂತ ಅವಳಿಗೆ ಹೆದರಿಕೆ. ಇದನ್ನು ಬಹಳ ಜನ ಕೇಳುತ್ತಾರೆ. ನಾವು ಹಾಕಿದ ಅಪೀಲಿನಲ್ಲೇ ಶಿಕ್ಷೆ ಏರಿಸೋಕೆ ಬರುವುದಿಲ್ಲ. ಸರ್ಕಾರಕ್ಕೆ ಶಿಕ್ಷೆ ಕಡಿಮೆ ಆಯಿತು ಅನ್ನಿಸಿದರೆ ಅದು ಬೇರೆ ಅಪೀಲು ಹಾಕಬೇಕು. ಕೋರ್ಟು ತಾನಾಗಿಯೇ ಏರಿಸಬೇಕು ಅಂದುಕೊಂಡರೂ ಮೊದಲು ನೋಟಿಸು ಕೊಟ್ಟು ಕೇಳಬೇಕು.

ಅಪೀಲಿಗೆ ವಕಾಲತ್ತು ಬೇಕು, ಅದಕ್ಕೆ ತಮ್ಮನ ಸಹಿ ಬೇಕು, ಸಹಿಗೆ ಜೈಲು ಸೂಪರಿಂಟೆಂಡೆಂಟರ ಮೊಹರು ಬೇಕು. ಅವನು ಆಗ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ. ಶಿಕ್ಷೆ ಆದ ಮೇಲೆ ಜಿಲ್ಲಾ ಜೈಲಿನಿಂದ ಅಲ್ಲಿಗೆ ಕಳಿಸಿದ್ದರು. ವಿಚಾರಣೆ ಕಾಲದಲ್ಲಿ ಅವನದೇ ಶರ್ಟು ಹಾಕಿಕೊಂಡಿರುತ್ತಿದ್ದ, ಈಗ ಬಿಳಿ ಬಟ್ಟೆ, ಒಂದು ನಂಬರು. ನೋಡಿದ ಕೂಡಲೇ ಏನೂ ಮಾತಾಡೋಕೆ ಆಗಲಿಲ್ಲ. ಅವನೇ "ಅವ್ವ ಉಂಡಳೇನಕ್ಕಾ" ಅಂತ ಕೇಳಿದ. ಪಿಡಬ್ಲ್ಯು-1ರ ಆ ಸಾಲಿನ ಬಗ್ಗೆ ಹೇಳಿದೆ. ಅವನಿಗೆ ನೆನಪಿತ್ತು. "ಅವರು ನನ್ನ ಮುಖಾ ನೋಡೇ ಹೇಳಿದರಕ್ಕಾ" ಅಂದ.

ಎ-2 ಮನೆಯವರ ಹತ್ತಿರ ವಕೀಲರಿಗೆ ಕೊಡೋಕೆ ಏನೂ ಇರಲಿಲ್ಲ. ಅವನು ಜೈಲಿನಿಂದಲೇ ಅಪೀಲು ಹಾಕಿದ. ಜೈಲಿನಲ್ಲಿ ಬರೆದುಕೊಟ್ಟರೆ ಸೂಪರಿಂಟೆಂಡೆಂಟರು ಅದನ್ನು ಹೈಕೋರ್ಟಿಗೆ ಕಳಿಸಬೇಕು, ಅಷ್ಟು ಮಾಡಿದರೆ ಅಪೀಲು ಹಾಕಿದ ಹಾಗೇ ಲೆಕ್ಕ. ಜೈಲಿನಲ್ಲಿರುವ ಯಾರಿಗೇ ಆದರೂ ಆದಾಯ ಎಷ್ಟು ಅಂತ ಕೇಳದೆ ಪುಕ್ಕಟೆ ವಕೀಲರನ್ನು ಕೊಡಬೇಕು ಅಂತ ಕಾನೂನು ಸೇವಾ ಪ್ರಾಧಿಕಾರದ ಕಾಯ್ದೆಯಲ್ಲೇ ಇದೆ. ಹೈಕೋರ್ಟಿನಲ್ಲೂ ಅದಕ್ಕೆ ಒಂದು ಸಮಿತಿ ಇದೆ. ಅವನಿಗೆ ಒಬ್ಬ ಹುಡುಗಿ ವಕೀಲರನ್ನು ಕೊಟ್ಟರು. ಪುಕ್ಕಟೆ ವಕೀಲರು ಏನು ಮಾಡುತ್ತಾರೆ ಬಿಡು ಅಂತ ಆಗ ನಾವೆಲ್ಲ ಅಂದುಕೊಂಡದ್ದೇ. ಮುಂದೆ ಹೇಳುತ್ತೇನೆ.

ಅಪೀಲಿನ ಜೊತೆಗೇ ಶಿಕ್ಷೆ ಅಮಾನತಿಗೆ ಅರ್ಜಿ ಹಾಕುತ್ತಾರೆ. ದಂಡ ಪ್ರಕ್ರಿಯಾ ಸಂಹಿತೆಯ 389. ಅಪೀಲು ತೀರ್ಮಾನ ಆಗುವ ತನಕ ಶಿಕ್ಷೆಯನ್ನು ತಡೆಹಿಡಿದು ಜಾಮೀನಿನ ಮೇಲೆ ಬಿಡಿ ಅಂತ ಕೇಳೋದು. ನಿಜ ಹೇಳಬೇಕೆಂದರೆ ಮನೆಯವರಿಗೆ ಮುಖ್ಯವಾದ ಯುದ್ಧ ಇದೇ, ಯಾಕೆಂದರೆ ಅಪೀಲು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಹಳೇ ಹಳೇ ಅಪೀಲುಗಳು ಸಾಲುಗಟ್ಟಿ ಕೂತಿರುತ್ತವೆ. 1977ರಲ್ಲೇ ಕಾಶ್ಮೀರಾ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿತ್ತು, ಸರಿಯಾದ ಸಮಯದಲ್ಲಿ ಅಪೀಲು ಕೇಳೋಕೆ ಆಗದಿದ್ದರೆ ಆ ಮನುಷ್ಯನನ್ನು ಒಳಗಿಡೋದು ನ್ಯಾಯ ಅಲ್ಲ, ಆಮೇಲೆ ಅವನು ನಿರ್ದೋಷಿ ಅಂತಾದರೆ ಹೋದ ವರ್ಷಗಳನ್ನು ಯಾರು ವಾಪಸ್ ಕೊಡುತ್ತಾರೆ ಅನ್ನುವ ಅರ್ಥದಲ್ಲಿ. 1999ರ ಭಗವಾನ್ ರಾಮ ಶಿಂಧೆ ಗೋಸಾಯಿ ಕೇಸು ನಮ್ಮದರ ಹಾಗೇ 392, 397ರದ್ದು. ಇಂತಿಷ್ಟು ವರ್ಷ ಅಂತ ನಿಗದಿಯಾದ ಶಿಕ್ಷೆ ಇದ್ದಾಗ, ವಿಶೇಷ ಕಾರಣ ಇಲ್ಲದಿದ್ದರೆ ಉದಾರವಾಗಿ ಅಮಾನತು ಮಾಡಬೇಕು ಅಂತ ಅದರಲ್ಲಿ ಹೇಳಿದ್ದಾರೆ.

ಇಷ್ಟೆಲ್ಲ ಇದ್ದರೂ ನಮ್ಮ ಅರ್ಜಿ ಮೊದಲ ಸಲ ಆಗಲಿಲ್ಲ. ಸರ್ಕಾರಿ ವಕೀಲರು ಚಾಕು, ರಾತ್ರಿ, ರಸ್ತೆ, ಮನೆಯಲ್ಲೇ ದುಡ್ಡು ಸಿಕ್ಕಿದೆ ಅಂದರು. ಈಗ ಬೇಡ, ಸ್ವಲ್ಪ ಸಮಯ ಬಿಟ್ಟು ಮತ್ತೆ ಬನ್ನಿ ಅನ್ನುವ ಸೂಚನೆ ಬಂತು. ವಕೀಲರು ತಿರಸ್ಕಾರದ ಆದೇಶ ಆಗಲಿಕ್ಕೆ ಬಿಡದೆ ಅರ್ಜಿ ವಾಪಸ್ ತಗೊಂಡರು, ಮತ್ತೆ ಹಾಕುವ ಅವಕಾಶ ಇಟ್ಟುಕೊಂಡು. ನನಗೆ ಆಗ ಸಿಟ್ಟು ಬಂದಿತ್ತು. ವರ್ಷದ ಹತ್ತಿರ ಬಂದಾಗ ಮತ್ತೆ ಹಾಕಿದರು. ಈ ಸಲ ಪಿಡಬ್ಲ್ಯು-1ರ ಆ ಎರಡು ಸಾಲಿಗೆ ಬಣ್ಣ ಬಳಿದು ಮೇಲೆಯೇ ಇಟ್ಟಿದ್ದರು, ಒಟ್ಟು ಎಷ್ಟು ಕಾಲ ಒಳಗಿದ್ದಾನೆ ಅನ್ನುವ ಜೈಲಿನ ಪತ್ರವೂ ಜೊತೆಗಿತ್ತು. ಸಿಕ್ಕಿತು.

ಆದೇಶ ಸಿಕ್ಕಿದ ಸಂಜೆಯೇ ಅವನು ಮನೆಗೆ ಬರುತ್ತಾನೆ ಅಂತ ಅವ್ವ ಹೋಳಿಗೆಗೆ ಬೇಳೆ ನೆನೆಹಾಕಿದಳು. ಹಾಗಲ್ಲ ಅದು. ಹೈಕೋರ್ಟಿನ ಆದೇಶ ಕೆಳಗಿನ ಕೋರ್ಟಿಗೆ ಬರಬೇಕು, ದಂಡ ಕಟ್ಟಬೇಕು, ಅಲ್ಲಿ ಇಬ್ಬರು ಜಾಮೀನುದಾರರು ಬಂದು ಬಾಂಡು ಬರೆದುಕೊಡಬೇಕು, ಆಮೇಲೆ ಬಿಡುಗಡೆ ಆದೇಶ ಜೈಲಿಗೆ ಹೋಗಬೇಕು. ಜಾಮೀನುದಾರ ಅಂದರೆ ಹೊಲದ ಉತಾರ, ಆಧಾರ್ ಕಾರ್ಡು, ಫೋಟೋ ಹಿಡಿದುಕೊಂಡು ಒಂದು ದಿನ ಕೆಲಸ ಬಿಟ್ಟು ಕೋರ್ಟಿನಲ್ಲಿ ನಿಲ್ಲುವ ಮನುಷ್ಯ. ದರೋಡೆ ಕೇಸಿನವನಿಗೆ ಯಾರು ನಿಲ್ಲುತ್ತಾರೆ? ನಮ್ಮ ಮದುವೆ ಮುಂಜಿಗೆ ಬಂದು ಮುಂದಿನ ಸಾಲಿನಲ್ಲಿ ಕೂರುವ ಬೀಗರು ಉತಾರದಲ್ಲಿ ಬ್ಯಾಂಕಿನ ಸಾಲ ಇದೆ ಅಂದರು. ಕೊನೆಗೆ ಬಂದವರು ನಾನು ಕೆಲಸ ಮಾಡುವ ಅಂಗಡಿಯ ಹಮಾಲರ ಮೇಸ್ತ್ರಿ, ಮತ್ತೆ ಅವನ ಅಳಿಯ. ಅಳಿಯನ ಉತಾರದಲ್ಲಿ ಒಂದು ಅಕ್ಷರ, ಆಧಾರಿನಲ್ಲಿ ಒಂದು ಅಕ್ಷರ. ಅದಕ್ಕೊಂದು ಅಫಿಡವಿಟ್ಟು. ನೆನೆಹಾಕಿದ ಬೇಳೆಯನ್ನು ಸಾರು ಮಾಡಿ ತಿಂದೆವು.

ಬಿಡುಗಡೆ ಆದ ಮೇಲೆ ಜನ ಕೇಸು ಮುಗಿಯಿತು ಅಂದುಕೊಳ್ಳುತ್ತಾರೆ, ನಮ್ಮ ಓಣಿಯವರೂ ಹಾಗೇ ಅಂದುಕೊಂಡರು. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ಅಮಾನತಿನ ಮೇಲೆ ಹೊರಗಿರುವ ದಿನಗಳು ಶಿಕ್ಷೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವಿಚಾರಣೆ ಕಾಲದಲ್ಲಿ ಜೈಲಿನಲ್ಲಿದ್ದ ದಿನಗಳು ಬರುತ್ತವೆ, ಅದಕ್ಕೆ ಸೆಟ್ ಆಫ್ ಅನ್ನುತ್ತಾರೆ, ಕಲಂ 428. ಆದರೆ ಅಪೀಲು ಸೋತರೆ ಒಳಗಿದ್ದ ದಿನಗಳನ್ನು ಮಾತ್ರ ಕಳೆದು, ಉಳಿದದ್ದನ್ನು ಮತ್ತೆ ಹೋಗಿ ಅನುಭವಿಸಬೇಕು. ಹೀಗಾಗಿ ತಮ್ಮ ಹೊರಗಿದ್ದರೂ ಹೊರಗಿದ್ದ ಹಾಗಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ತಿಂಗಳಿಗೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಿ ಬರುತ್ತಿದ್ದ. ಹೆಣ್ಣು ನೋಡೋಣ ಅಂತ ಮಾವ ಅಂದಾಗ, ಮೊದಲು ಅಪೀಲು ಮುಗೀಲಿ ಅಂದ.

ನಾನು ಸಂಜೆಗೊಮ್ಮೆ ಫೋನಿನಲ್ಲಿ ಹೈಕೋರ್ಟಿನ ಕಾಸ್ ಲಿಸ್ಟ್, ಅಂದರೆ ಆಯಾ ದಿನ ಕೇಳುವ ಕೇಸುಗಳ ಪಟ್ಟಿ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ಕೇಸ್ ನಂಬರು ಹಾಕಿದರೆ ಯಾವ ಹಂತ ಅಂತ ತೋರಿಸುತ್ತದೆ. ಪಟ್ಟಿಯಲ್ಲಿ ಬಂತು ಅಂತ ಖುಷಿಪಟ್ಟರೆ ನಂಬರು ಎಷ್ಟೋ ಕೆಳಗೆ, ಅಷ್ಟರಲ್ಲಿ ಸಂಜೆಯಾಗಿ ಕೋರ್ಟು ಏಳುತ್ತದೆ. ಇನ್ನೊಂದು ಸಲ ಕೆಳಗಿನ ಕೋರ್ಟಿನ ದಾಖಲೆ ಇನ್ನೂ ಬಂದಿಲ್ಲ. ಮತ್ತೊಂದು ಸಲ ನ್ಯಾಯಮೂರ್ತಿಗಳ ಕೆಲಸದ ಹಂಚಿಕೆ ಬದಲಾಯಿತು, ಕ್ರಿಮಿನಲ್ ಅಪೀಲು ಬೇರೆಯವರ ಮುಂದೆ ಹೋಯಿತು. ಇದರಲ್ಲಿ ಯಾರನ್ನು ಬೈಯಬೇಕು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಅಲ್ಲಿ ಕೂತವರ ಮುಂದೆ ಫೈಲಿನ ರಾಶಿ ನೋಡಿದರೆ ಬೈಯೋಕೂ ಮನಸ್ಸು ಬರುವುದಿಲ್ಲ.

ಕೊನೆಗೆ ಮೂವರ ಅಪೀಲೂ ಒಟ್ಟಿಗೆ ಬಂದವು. ಒಬ್ಬರೇ ನ್ಯಾಯಮೂರ್ತಿಗಳ ಪೀಠ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎಲ್ಲ ಇಂಗ್ಲಿಷಿನಲ್ಲೇ ನಡೆಯಿತು, ಆದರೆ ಸಾಕ್ಷಿಗಳ ಹೇಳಿಕೆ ಮಾತ್ರ ಕನ್ನಡದಲ್ಲಿ ಓದುತ್ತಿದ್ದರು, ಹಾಗಾಗಿ ಅರ್ಧ ತಿಳಿಯಿತು. ಎ-1 ಪರ ವಕೀಲರು ಮೊದಲು ಎದ್ದರು. ಗಾಯ ಆಗಿಲ್ಲ, ಚಾಕು ಚಿಕ್ಕದು ಅಂದರು. ನ್ಯಾಯಮೂರ್ತಿಗಳು ತಲೆ ಎತ್ತಲಿಲ್ಲ. ಆಮೇಲೆ ನಮ್ಮವರು ಎದ್ದು ಗುರುತು ಪತ್ತೆ ಪರೇಡಿನಿಂದ ಶುರು ಮಾಡಿದರು, ಅದು ಎಳೆಯುತ್ತ ಹೋಯಿತು. ನನಗೆ ಒಳಗೊಳಗೇ ಚಡಪಡಿಕೆ, ಆ ಸಾಲಿಗೆ ಬನ್ನಿ ಸರ್, ಆ ಸಾಲಿಗೆ ಬನ್ನಿ ಅಂತ. ಪರೇಡಿನ ವಾದಕ್ಕೆ ನ್ಯಾಯಮೂರ್ತಿಗಳು, ಸಾಕ್ಷಿ ಕೋರ್ಟಿನಲ್ಲೇ ಗುರುತಿಸಿದ್ದಾರಲ್ಲ, ಮನೆಯಲ್ಲಿ ದುಡ್ಡೂ ಸಿಕ್ಕಿದೆಯಲ್ಲ ಅಂದರು. ಅಲ್ಲಿಗೆ ಅದು ಮುಗಿಯಿತು.

ಅಷ್ಟರಲ್ಲಿ ಎ-2ರ ಆ ಹುಡುಗಿ ವಕೀಲರು ಎದ್ದು, ಒಂದೇ ನಿಮಿಷ ಸ್ವಾಮಿ, ನಮ್ಮ ವಾದ 397ರ ಮೇಲೆ ಮಾತ್ರ ಅಂತ ಪುಟದ ನಂಬರು ಹೇಳಿದರು. ನ್ಯಾಯಮೂರ್ತಿಗಳು ಪುಟ ತಿರುಗಿಸಿದರು. ಆಕೆ ಎರಡು ಸಾಲೂ ಓದಿ ಗಣೇಶನ್ ತೀರ್ಪಿನ ಪ್ರತಿ ಕೊಟ್ಟು ಕೂತುಬಿಟ್ಟರು. ನ್ಯಾಯಮೂರ್ತಿಗಳು ಸರ್ಕಾರಿ ವಕೀಲರ ಕಡೆ ತಿರುಗಿ, ಚಾಕು ಯಾರ ಕೈಯಲ್ಲಿತ್ತು ಅಂತ ಕೇಳಿದರು. ಅವರು ಎ-1 ಅಂದರು. ಉಳಿದವರ ಕೈಯಲ್ಲಿ? ಅವರು ಫೈಲು ನೋಡಿದರು, 34 ಇದೆ ಅಂದರು. ಅದು ಇದಕ್ಕೆ ಹೇಗೆ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ನಮ್ಮ ವಕೀಲರು ಕೂಡಲೇ ಎದ್ದು ನಮ್ಮದೂ ಅದೇ ವಾದ ಅಂದರು. ಪುಕ್ಕಟೆ ವಕೀಲರು ಏನು ಮಾಡುತ್ತಾರೆ ಅಂದಿದ್ದೆವಲ್ಲ, ಇದು ಮಾಡುತ್ತಾರೆ. ಹೊರಗೆ ಬಂದ ಮೇಲೆ ಆಕೆಗೆ ನಮಸ್ಕಾರ ಮಾಡಿದೆ. ಯಾರ ಮನೆಯವಳು ಅಂತ ಆಕೆಗೆ ಗೊತ್ತಾಗಲಿಲ್ಲ, ಇನ್ನೊಂದು ಹಾಲಿಗೆ ಓಡುತ್ತಿದ್ದರು.

ತೀರ್ಪು ಕೆಲವು ವಾರದ ಮೇಲೆ ಬಂತು. ಎ-1ರ ಅಪೀಲು ವಜಾ, ಏಳು ವರ್ಷ ಹಾಗೇ ಉಳಿಯಿತು. ಎ-2, ಎ-3 ಇಬ್ಬರಿಗೂ ಅಪೀಲು ಭಾಗಶಃ ಮಂಜೂರು. 397ರ ಶಿಕ್ಷೆ ರದ್ದು, 392 ಎತ್ತಿಹಿಡಿದರು. ಕನಿಷ್ಠ ಏಳು ಅನ್ನುವ ಕಟ್ಟು ಹೋದ ಮೇಲೆ ಶಿಕ್ಷೆಯ ಪ್ರಮಾಣ ಕೋರ್ಟಿನ ಕೈಗೆ ಬಂತು. ವಯಸ್ಸು, ಹಿಂದೆ ಯಾವ ಕೇಸೂ ಇಲ್ಲದ್ದು, ಜಾಮೀನಿನ ಕಾಲದಲ್ಲಿ ಸರಿಯಾಗಿ ನಡೆದುಕೊಂಡದ್ದು ಎಲ್ಲ ನೋಡಿ ಮೂರು ವರ್ಷ ಮಾಡಿದರು. ಅಂದರೆ ಸೆಟ್ ಆಫ್ ಕಳೆದು ಅವನು ಇನ್ನೂ ಕೆಲವು ತಿಂಗಳು ಒಳಗೆ ಹೋಗಬೇಕಿತ್ತು. ನಿಗದಿ ಮಾಡಿದ ದಿನದೊಳಗೆ ಕೆಳಗಿನ ಕೋರ್ಟಿಗೆ ಶರಣಾಗಿ ಅಂತ ಆದೇಶ. ಗೆದ್ದೆವು ಅಂತ ಫೋನು ಮಾಡಿದ ವಕೀಲರೇ ಇದನ್ನೂ ಹೇಳಿದರು. ಅವ್ವನಿಗೆ ಯಾವುದನ್ನು ಮೊದಲು ಹೇಳಬೇಕು ಅಂತ ನನಗೆ ತಿಳಿಯಲಿಲ್ಲ.

ಮಾವ ಸುಪ್ರೀಂ ಕೋರ್ಟಿಗೆ ಹೋಗೋಣ ಅಂದ. ಹೋಗಬಹುದು, ವಿಶೇಷ ಅನುಮತಿ ಅರ್ಜಿ ಹಾಕೋಕೆ 90 ದಿನ ಇದೆ. ಆದರೆ ಅದು ಹಕ್ಕಿನ ಅಪೀಲಲ್ಲ, ಕೇಳುವುದೋ ಬಿಡುವುದೋ ಅವರ ಇಷ್ಟ. ದೆಹಲಿ ವಕೀಲರ ಫೀಸು ಬೇರೆ. ಉಳಿದ ಶಿಕ್ಷೆ ಎಷ್ಟು, ಅರ್ಜಿ ಪಟ್ಟಿಗೆ ಬರೋಕೆ ಎಷ್ಟು ದಿನ ಅಂತ ವಕೀಲರು ಕಾಗದದ ಮೇಲೆ ಬರೆದು ತೋರಿಸಿದರು. ತಮ್ಮ ಅದನ್ನು ನೋಡಿ, "ಬ್ಯಾಡ ಬಿಡಕ್ಕಾ, ಇದು ನಂದ ಐತಿ, ಮುಗಿಸಿ ಬರ್ತೀನಿ" ಅಂದ. ಎ-1 ಮನೆಯವರು ಹೋಗಿದ್ದಾರೆ ಅಂತ ಕೇಳಿದೆ.

ಒಂದು ವಿಷಯ ಬಿಟ್ಟಿದ್ದೆ. 2024ರ ಜುಲೈ 1ರಿಂದ ಕಾನೂನಿನ ಹೆಸರು, ನಂಬರು ಎಲ್ಲ ಬದಲಾಗಿವೆ. ಆಮೇಲೆ ನಡೆದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ. ಅದರಲ್ಲಿ ಸುಲಿಗೆ 309, ಹಳೇ 397ರ ಜಾಗದಲ್ಲಿ 311. ಅಪೀಲು ಹಾಕುವ ಕಲಮು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 415, ಶಿಕ್ಷೆ ಅಮಾನತು 430. ನಂಬರು ಬೇರೆ ಆದರೂ ಕನಿಷ್ಠ ಏಳು ವರ್ಷ ಅನ್ನೋದು ಹಾಗೇ ಇದೆ. ಹಾಗಾಗಿ ಆಯುಧ ಯಾರ ಕೈಯಲ್ಲಿತ್ತು ಅಂತ ಸಾಕ್ಷಿ ಏನು ಹೇಳಿದ್ದಾರೆ, ಅದನ್ನು ವಿಚಾರಣೆ ನಡೆಯುವಾಗಲೇ ಓದಿ ನೋಡಿ. ನಿಮ್ಮ ವಕೀಲರ ಹತ್ತಿರ ಹೇಳಿಕೆಯ ನಕಲು ಕೇಳೋಕೆ ಸಂಕೋಚ ಬೇಡ. ಕನ್ನಡದಲ್ಲೇ ಇರುತ್ತದೆ.

ಶರಣಾಗುವ ದಿನ ಹಾರ್ಡ್‌ವೇರ್ ಅಂಗಡಿಯ ಮಾಲೀಕರು ಅವನಿಗೆ ತಿಂಗಳ ಸಂಬಳ ಪೂರ್ತಿ ಕೊಟ್ಟು, ಬಂದ ಮೇಲೆ ಕೆಲಸ ಇದೆ ಅಂದರು. ಕೋರ್ಟಿನಲ್ಲಿ ಬೆಂಚ್ ಕ್ಲರ್ಕು ಹೆಸರು ಕೂಗಿದರು, ವಾರಂಟು ಬರೆದರು, ಮಧ್ಯಾಹ್ನದೊಳಗೆ ಎಲ್ಲ ಆಯಿತು. ಜೈಲಿನವರು ಮಾಡಿದ ದಿನದ ಲೆಕ್ಕಕ್ಕೂ ನಮ್ಮ ವಕೀಲರ ಲೆಕ್ಕಕ್ಕೂ ಸ್ವಲ್ಪ ವ್ಯತ್ಯಾಸ ಬಂತು, ವಿಚಾರಣೆ ಕಾಲದ ಒಂದು ತುಂಡು ಅವರ ಪಟ್ಟಿಯಲ್ಲಿ ಸೇರಿರಲಿಲ್ಲ. ಹಳೇ ರಿಮಾಂಡ್ ಆದೇಶಗಳ ನಕಲು ನನ್ನ ಹತ್ತಿರ ಇದ್ದವು, ಕೊಟ್ಟ ಮೇಲೆ ಸರಿ ಮಾಡಿದರು. ಶಿಕ್ಷೆ ಮುಗಿಸಿ ಬಂದ, ಅದೇ ಅಂಗಡಿಗೆ ಹೋಗುತ್ತಿದ್ದಾನೆ. ಗುಮಾಸ್ತರು ಈಗ ಬೇರೆ ದಲ್ಲಾಳಿ ಅಂಗಡಿಯಲ್ಲಿದ್ದಾರೆ. ಅವರನ್ನು ಕಂಡು ಮಾತಾಡಬೇಕು ಅಂತ ತಮ್ಮ ಹೇಳುತ್ತಾನೆ, ನಾನು ಬೇಡ ಅಂದಿದ್ದೇನೆ. ಅವರಿಗೆ ನಮ್ಮ ಮುಖ ಮತ್ತೆ ನೋಡಬೇಕು ಅನ್ನಿಸುತ್ತದೋ ಇಲ್ಲವೋ, ಅದನ್ನು ನಾವು ತೀರ್ಮಾನ ಮಾಡೋಕೆ ಆಗುವುದಿಲ್ಲ.